ಮೇಲಿಂದ ಒಂದಕ್ಕೆ ಇಳಿಯೋಕಾಗಲ್ಲ

ಗುರುವಾರ ರಾತ್ರಿ, ರೂಮಿನ ಹೊರಗಿನ ಮೆಟ್ಟಿಲ ಮೇಲಿಂದ ವಾಯ್ಸ್ ಮೆಸೇಜ್

...ಅಷ್ಟೇ ಅಲ್ಲ, ಬೆಳಗ್ಗೆ ಬಚ್ಚಲ ಮುಂದೆ ನನ್ನ ಕಂಡ ತಕ್ಷಣ "ನಲ್ಲಿ ಬಂತು, ದಾರಿ ಬಿಡ್ರಪ್ಪಾ" ಅಂತ ಎಲ್ಲಾ ನಕ್ರು, ನಲ್ಲಿ ಅನ್ನೋದು ಇಲ್ಲಿ ನನಗಿಟ್ಟಿರೋ ಹೆಸರು, ಮಧ್ಯಾಹ್ನ ಊಟದ ಡಬ್ಬಿ ರೂಮಲ್ಲೇ ಮರ್ತು ಹೋಗಿದ್ದೆ, ಸಂಜೆ ಮೇಸ್ತ್ರಿ ಎಲ್ಲರ ಎದುರು ಮುಖಕ್ಕೆ ಮಂಗಳಾರತಿ ಮಾಡ್ದ. ಇರ್ಲಿ, ಅದು ಆಮೇಲೆ. ಪ್ರೀತಿಯ ಅಕ್ಕಾ, ಮೊದ್ಲು ನೀನು ಹೇಗಿದೀಯ? ಸೊಂಟ ನೋವು ಕಮ್ಮಿ ಆಯ್ತಾ? ಪುಟ್ಟಿಗೆ ಹಲ್ಲು ಬಂತಾ? ಭಾವ ಪಕ್ಕದಲ್ಲಿದ್ರೆ ಇಯರ್‌ಫೋನ್ ಹಾಕ್ಕೋ. ಇದು ಅಳಿಯಂದಿರು ಕೇಳೋ ವಿಷ್ಯ ಅಲ್ಲ.

ರಾತ್ರಿ ನಿದ್ದೇನೇ ಇಲ್ಲ ಕಣೇ. ಕಣ್ಣು ಮುಚ್ಚೋದು, ಒಂದಕ್ಕೆ ಏಳೋದು, ಮತ್ತೆ ಮುಚ್ಚೋದು, ಮತ್ತೆ ಏಳೋದು. ನಂದು ಮೇಲಿನ ಮಂಚ. ಏಣಿ ಮೇಲೆ ಕಾಲಿಟ್ರೆ ಸಾಕು, ಕಬ್ಬಿಣದ ಮಂಚ ಪೂರ್ತಿ ಕಿರ್ರೋ ಅನ್ನುತ್ತೆ. ಕೆಳಗಡೆ ಮಲಗೋದು ಸಿಗ್ನಲ್ ಅಣ್ಣ. ನಾನು ಕ್ರೇನ್ ಮೇಲಿನ ಗೂಡಲ್ಲಿ ಕೂತಿದ್ರೆ ನೆಲದ ಮೇಲೆ ನಿಂತ್ಕೊಂಡು ವಾಕಿಟಾಕಿಲಿ "ಎತ್ತು, ತಿರುಗ್ಸು, ನಿಲ್ಸು" ಅಂತ ಹೇಳೋರು. ಅಲ್ಲಿಂದ ನನಗೆ ಕೆಳಗಿನ ಜನ ಸಾಸಿವೆ ಕಾಳು; ಅವ್ರ ಕಣ್ಣೇ ನನ್ನ ಕಣ್ಣು. ಮಿಕ್ಕೋರೆಲ್ಲಾ ದಿಂಬು ಎಸೀತಾರೆ. ಅವ್ರು ಮಾತ್ರ ಮಗ್ಗುಲಾಗಿ "ಚಪ್ಪಲಿ ಎಡಗಡೆ ಇದೆ, ಮುಗ್ಗರಿಸ್ಬೇಡ" ಅಂತಾರೆ, ಅಷ್ಟೆ. ಹೋಗಿ ನಿಂತ್ರೆ ಬರೋದಾದ್ರೂ ಎಷ್ಟು? ನಾಲ್ಕು ತೊಟ್ಟು. ಊರಿಗೆಲ್ಲಾ ಡಂಗುರ ಹೊಡ್ದು ನಾಲ್ಕು ತೊಟ್ಟು! ಒಂದ್ನಿಮಿಷ ತಡಿ ಅಕ್ಕಾ. ನೆನೆಸ್ಕೊಂಡ್ನಲ್ಲ, ಬಂತು ನೋಡು.

ಹಾಂ, ಬಂದೆ. ಸಕ್ಕರೆ ಕಾಯಿಲೆ ಇರ್ಬೇಕು ಅಂತ ಹೆದರಿದ್ದೆ. ಆಸ್ಪತ್ರೆಲಿ ರಕ್ತ, ಉಚ್ಚೆ ಎರಡೂ ನೋಡಿದ್ರು, ಸ್ಕ್ಯಾನೂ ಆಯ್ತು. ಸಕ್ಕರೆ ಇಲ್ಲ, ಸೋಂಕಿಲ್ಲ, ಕಲ್ಲಿಲ್ಲ. ಮೂತ್ರಚೀಲಕ್ಕೆ ಆತುರ, ಅಷ್ಟೆ. ಅರ್ಧ ತುಂಬೋಕೆ ಮೊದ್ಲೇ "ತುಂಬ್ತು, ತುಂಬ್ತು" ಅಂತ ಕೂಗುತ್ತಂತೆ. ಅಲ್ಲಿನ ನರ್ಸಮ್ಮ ನಮ್ಮ ಅತ್ತೆ ಥರಾನೇ, ಸೊಂಟದ ಮೇಲೆ ಕೈಯಿಟ್ಟು ಕೇಳಿದ್ರು. "ಹಗಲು ನೀರು ಕುಡೀತೀಯೇನಪ್ಪಾ?" ಇಲ್ಲ ಅಂದೆ. ಮೇಲೆ ಹತ್ತಿದ್ರೆ ಒಂದಕ್ಕೆ ಇಳಿಯೋಕಾಗುತ್ತಾ? ಕ್ರೇನ್ ಹತ್ತೋರು ಯಾರೂ ಕುಡಿಯಲ್ಲ. ಬಾಯಿ ಒಣಗಿದ್ರೂ ಸಂಜೆ ಇಳಿದ ಮೇಲೇನೇ, ಒಂದು ಕೊಡ ಒಟ್ಟಿಗೆ ಇಳಿಸ್ತೀವಿ, ಮೇಲೆ ಕಡಕ್ ಚಹಾ. ಹತ್ತೋ ಮುಂಚೆ, ಬಂದಿರ್ಲಿ ಬಿಡ್ಲಿ, ಮುಂಜಾಗ್ರತೆಗೆ ಅಂತ ಎರಡೆರಡು ಸಲ ಹೋಗ್ತೀವಿ. "ನೀನೇ ಅದಕ್ಕೆ ಕೆಟ್ಟ ಚಾಳಿ ಕಲ್ಸಿ, ಈಗ ನನ್ನ ಮುಂದೆ ದೂರು ಹೇಳ್ತೀಯಾ?" ಅಂದ್ರು. ಹಗಲೆಲ್ಲಾ ಸ್ವಲ್ಪ ಸ್ವಲ್ಪ ಕುಡೀಬೇಕು, ಮಲಗೋಕೆ ಎರಡು ಮೂರು ಗಂಟೆ ಮುಂಚೆ ನಿಲ್ಲಿಸ್ಬೇಕು, ಸಂಜೆ ಚಹಾ ಬಿಡ್ಬೇಕು. ಅವಸರ ಆದಾಗ ಓಡ್ಬಾರ್ದು. ಇದ್ದಲ್ಲೇ ಕದಲದೆ ಕೆಳಗಡೆ ಬಿಗಿ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಅದು ಅಲೆ ಥರ ಬಂದು ಇಳಿದು ಹೋಗೋವರೆಗೂ ತಡೀಬೇಕು. ತಿಂಗಳುಗಟ್ಲೆ ಮಾಡಿದ್ರೆ ಚೀಲ ಮಾತು ಕೇಳುತ್ತಂತೆ. ಮಾತ್ರೆನೂ ಇದೆ, ಆದ್ರೆ ಕೆಲವ್ರಿಗೆ ತೂಕಡಿಕೆ, ಕಣ್ಣು ಮಂಜು. ಕ್ರೇನ್ ನಡೆಸೋನಿಗೆ ಮಂಜುಗಣ್ಣು! ಬೇಡ ಅಂದೆ. ತಡೆಯೋದನ್ನೇ ಕಲೀತೀನಿ ಅಂತ ಬಂದೆ.

ಕಲಿತಿದ್ದಕ್ಕೇ ಇವತ್ತಿನ ಗತಿ. ಬೆಳಗ್ಗೆಯಿಂದ ಅವ್ರು ಹೇಳ್ದಂಗೆ ಗುಟುಕು ಗುಟುಕಾಗಿ ಕುಡ್ದಿದ್ದೆ. ಕಬ್ಬಿಣದ ಸರಳಿನ ಕಟ್ಟು ಎತ್ತಿ ತಿರುಗಿಸ್ತಿದ್ದೆ, ಅರ್ಧ ದಾರಿಲಿ ಬಂತು ನೋಡು. ತೀರಾ ಅವಸರಕ್ಕೆ ಅಂತ ಗೂಡಲ್ಲಿ ಖಾಲಿ ಬಾಟ್ಲಿ ಇಟ್ಕೊಂಡಿರ್ತೀನಿ, ಆದ್ರೆ ತೂಗ್ತಿರೋ ಭಾರ ಬಿಟ್ಟು ಬಾಟ್ಲಿ ಹಿಡಿಯೋಕಾಗುತ್ತಾ? ನರ್ಸಮ್ಮನ ಮಾತು ನೆನಪಾಯ್ತು, ಕದಲಬೇಡ. ಕ್ರೇನ್ ನಿಲ್ಲಿಸ್ಬಿಟ್ಟೆ. ಕಣ್ಣು ಮುಚ್ಕೊಂಡು ಬಿಗಿ ಹಿಡಿದೆ. ಆ ಕಟ್ಟು ಕೆಳಗೆ ಕೆಲಸ ಮಾಡೋರ ನೆತ್ತಿ ಮೇಲೇ ನಿಂತಿದೆ, ನನಗೆ ಗೊತ್ತೇ ಇಲ್ಲ. ವಾಕಿಟಾಕಿಲಿ ಸಿಗ್ನಲ್ ಅಣ್ಣ ಗಂಟಲು ಹರಿಯೋ ಹಂಗೆ ಕೂಗ್ತಿದ್ರಂತೆ, "ಆಚೆ ತಗೋ, ಆಚೆ ತಗೋ ಮಾರಾಯಾ". ನನ್ನ ಕಿವಿಗೆ ಬಿದ್ದಿದ್ದು ಆ ಅವಸರ ಇಳಿದ ಮೇಲೆ. ಜನ ಚೆಲ್ಲಾಪಿಲ್ಲಿ ಓಡಿದ್ರು. ಒಬ್ಬ ಬಿದ್ದು ಮೊಣಕಾಲು ತರಚ್ಕೊಂಡ. ಅಷ್ಟಕ್ಕೇ ಮುಗೀತು, ಪುಣ್ಯ. ಪ್ಯಾಂಟೂ ಒದ್ದೆ ಆಗಿತ್ತು ಅಕ್ಕಾ. ಇಷ್ಟು ಮಾಡಿದ್ದಕ್ಕೆ ಅದೂ ಉಳೀಲಿಲ್ಲ.

ಕುಡಿದ್ರೆ ಹಗಲು ಹೋಯ್ತು, ಬಿಟ್ರೆ ರಾತ್ರಿ ಹೋಯ್ತು. ವಿಷ್ಯ ಬಾಯ್ಬಿಟ್ರೆ ನಾಳೆಯಿಂದ ಕ್ರೇನ್ ಇಲ್ಲ, ಸಿಮೆಂಟ್ ಚೀಲ ಹೊರೋಕೆ ಹಾಕ್ತಾರೆ, ಇಲ್ಲಾಂದ್ರೆ ಟಿಕೆಟ್ ಕೈಗಿಟ್ಟು ಮನೆಗೆ. ಅಮ್ಮ ಬೀದಿಗೆಲ್ಲಾ "ನನ್ನ ಮಗ ಮೋಡದಲ್ಲಿ ಕೆಲಸ ಮಾಡ್ತಾನೆ" ಅಂತ ಹೇಳ್ಕೊಂಡು ಓಡಾಡ್ತಾಳೆ, ಪಾಪ. ಬೇರೆ ದಾರಿ ನನಗಂತೂ ಕಾಣ್ತಿಲ್ಲ. ಭಾವಂಗೆ ಕೇಳ್ದೆ ಅಂತ ಹೇಳು. ಪುಟ್ಟಿ ಕೆನ್ನೆಗೊಂದು ಮುತ್ತು. ಅಮ್ಮನ ಹತ್ರ ಚೆನ್ನಾಗಿದಾನೆ, ದಪ್ಪ ಆಗಿದಾನೆ ಅನ್ನು.

ಇಂತಿ ನಿನ್ನ ತಮ್ಮ,
ನಲ್ಲಿ

ಅಯ್ಯೋ ಅಕ್ಕಾ, ಮಲಗಿರ್ತೀಯೇನೋ, ಇದೊಂದು ಕೇಳ್ಬಿಡು. ಯಾಕೆ ನಿಲ್ಲಿಸ್ದೆ ಅಂತ ಮೇಸ್ತ್ರಿ ಕೇಳ್ದಾಗ ಗಾಳಿ ಜಾಸ್ತಿ ಇತ್ತು ಅಂದೆ. ಗಾಳಿ ಅಳೆಯೋ ಮೀಟರ್ ನೋಡ್ದ, ಎಲೆ ಅಲ್ಲಾಡೋಷ್ಟೂ ಗಾಳಿ ಇರ್ಲಿಲ್ಲ. ಆವಾಗ ಬಾಯಿಗೆ ಬಂದಿದ್ದು, "ಕೆಳಗಿಂದ ನಿಲ್ಸು ಅಂತ ಸಿಗ್ನಲ್ ಬಂತು." ಸಿಗ್ನಲ್ ಅಣ್ಣ ಅಲ್ಲೇ ನಿಂತಿದ್ರು. ನನ್ನ ಮುಖಾನೇ ನೋಡಿದ್ರು, ವಾಕಿಟಾಕಿ ಮೇಸ್ತ್ರಿ ಕೈಗಿಟ್ರು. ನಾಳೆ ಬೆಳಗ್ಗೆ ಅವ್ರ ಲೆಕ್ಕ ಚುಕ್ತಾ ಮಾಡಿ ಕಳಿಸ್ತಾರಂತೆ. ಈಗ ಕೆಳಗಿನ ಮಂಚದಲ್ಲೇ ಇದಾರೆ, ಪೆಟ್ಟಿಗೆ ಕಟ್ಟಿ ಆಯ್ತು. ಈಗ್ತಾನೆ ನಾನು ಏಣಿ ಇಳಿದಾಗಲೂ "ಚಪ್ಪಲಿ ಎಡಗಡೆ" ಅಂದ್ರು. ನಿಜ ಹೇಳ್ಬೇಕು ಅಕ್ಕಾ, ಗೊತ್ತು. ಒಬ್ನೇ ಆಫೀಸ್ ಬಾಗಿಲ ತನಕ ಹೋಗೋಕೆ ಕಾಲು ಬರ್ತಿಲ್ಲ. ನೀನು ಫೋನಲ್ಲಿ ಬೈತಾ ಇರು ಸಾಕು, ನಾನು ನಡೀತೀನಿ. ಆರಕ್ಕೆ ವ್ಯಾನ್ ಬಂದು ಅವ್ರನ್ನ ಕರ್ಕೊಂಡು ಹೋಗುತ್ತೆ. ಐದೂವರೆಗೆ ಫೋನ್ ಮಾಡು.