ನಿನ್ನ ಕಾಲಿನ ದಿನದ ಮರುದಿನ

ಚಿಕ್ಕವಳೇ,

ಸವತಿಯಾದರೆ ಗಂಡನನ್ನು ಹಂಚಿಕೊಳ್ಳುತ್ತಾಳೆ, ಓರಗಿತ್ತಿಯಾದರೆ ಅತ್ತೆಯನ್ನು. ಗಂಡನ ವಿಷಯದಲ್ಲಿ ನನಗೆ ಚಿಂತೆಯಿಲ್ಲ, ನಮ್ಮನೆಯವರನ್ನು ಹಂಚಿಕೊಡಿ ಎಂದು ಇದುವರೆಗೆ ಯಾರೂ ಕೇಳಿ ಬಂದಿಲ್ಲ. ಆದರೆ ನೀನು ಅತ್ತೆಯನ್ನು ಕೇಳಿದೆ. "ಅಕ್ಕ, ಈ ಹೊಸ ಮನೆಗೆ ಮೆಟ್ಟಿಲಿಲ್ಲ, ಬಾಗಿಲೂ ಅಗಲ ಇದೆ. ಅತ್ತೆಯನ್ನ ಕೆಲವು ತಿಂಗಳು ಇಲ್ಲಿಗೆ ಕಳಿಸ್ತೀರಾ?" ಎಂದು ಮೆಸೇಜ್ ಹಾಕಿದೆ. ನಾನು ಓದಿದೆ, ಫೋನನ್ನು ಹೊಲಿಯಬೇಕಿದ್ದ ಬಟ್ಟೆಗಳ ರಾಶಿಯೊಳಗೆ ತುರುಕಿದೆ, ಹೊಲಿಗೆ ಯಂತ್ರ ತುಳಿಯತೊಡಗಿದೆ. ಇವರು ದಿನಾ ಕೇಳುತ್ತಾರೆ, "ಅವಳಿಗೆ ಏನಾದ್ರೂ ಹೇಳಿದ್ಯಾ?" ಎಂದು. ಫೋನಿನಲ್ಲಿ ಹೇಳಹೊರಟರೆ ನಾನು ಜಗಳವಾಡುತ್ತೇನೆ, ನೀನು ಅಳುತ್ತೀಯ. ಅದಕ್ಕೇ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ಸುಮ್ಮನೆ ಬಾಯಿಮಾತಿಗೆ ಹೇಳುವ ಹೊಟ್ಟೆಕಿಚ್ಚಲ್ಲ, ಅನ್ನ ಸೇರದ ಹೊಟ್ಟೆಕಿಚ್ಚು. ಇನ್ನು ಮುಂದೆ ಬರೆಯುವುದೆಲ್ಲ ನಿನಗೆ ಗೊತ್ತಿರುವ ಕಥೆಯೇ. ಆದರೆ ನೀನು ಅದನ್ನು ನಿನ್ನ ಕಡೆಯಿಂದ ನೋಡಿದ್ದೀಯ. ಒಂದು ಸಲ ನನ್ನ ಕಡೆ ಬಂದು ನಿಂತು ನೋಡು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. "ನಡೀತಾರೆ, ಏನೂ ತೊಂದರೆ ಇಲ್ಲ" ಎಂದರು ಡಾಕ್ಟರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿ ಸಾವಿರಾರು ಹುಡುಗಿಯರನ್ನು ಬಿಸಿಲಲ್ಲಿ ಓಡಿಸಿದ ಹೆಂಗಸು ಹಾಸಿಗೆಯಿಂದ ಕುರ್ಚಿಗೆ ಹೋಗಲು ನಮ್ಮಿಬ್ಬರ ಕತ್ತಿಗೆ ಜೋತುಬೀಳತೊಡಗಿದರು. ಎತ್ತಿ ಎತ್ತಿ ಮೊದಲು ನನ್ನ ಬೆನ್ನು ಹಿಡಿಯಿತು, ಆಮೇಲೆ ನಿನ್ನದು. "ಹೀಗೇ ಎತ್ತುತ್ತಿದ್ರೆ ಒಂದೇ ಮನೇಲಿ ಮೂವರು ರೋಗಿಗಳಾಗ್ತೀರಿ. ಇಬ್ಬರೂ ಜಿಮ್‌ಗೆ ಹೋಗಿ ಮೈ ಗಟ್ಟಿ ಮಾಡ್ಕೊಳ್ಳಿ" ಎಂದು ಡಾಕ್ಟರು ಬೈದು ಕಳಿಸಿದರು. ನಾವಿಬ್ಬರೂ ಸೊಂಟದ ಮೇಲೆ ಕೈ ಇಟ್ಟುಕೊಂಡು, ಒಬ್ಬರನ್ನು ನೋಡಿ ಒಬ್ಬರು ನಗುತ್ತಾ ಜಿಮ್ಮಿನ ಮೆಟ್ಟಿಲು ಹತ್ತಿದ್ದು ನೆನಪಿದೆಯಲ್ಲ? ಒಂದೇ ಮನಸ್ಸಿನಿಂದ ನಾವು ನಕ್ಕಿದ್ದು ಬಹುಶಃ ಅದೇ ಕೊನೆ.

ಅಲ್ಲಿ ಆ ಕೋಚ್ ಕೇಳಿದ್ದು ಒಂದೇ ಪ್ರಶ್ನೆ, ವಾರಕ್ಕೆ ಎಷ್ಟು ದಿನ ಬರ್ತೀರಿ ಅಂತ. ನನ್ನ ಹೊಲಿಗೆ ಅಂಗಡಿಗೆ ಜನ ಕೆಲಸಕ್ಕೆ ಹೋಗುವ ಮುಂಚೆಯೇ ಬಂದು ಬಟ್ಟೆ ಕೊಟ್ಟುಹೋಗುತ್ತಾರೆ. ಮೂರು ದಿನ ಅಂದೆ. ನಿನ್ನ ಕನ್ನಡಕದ ಅಂಗಡಿ ಬಾಗಿಲು ತೆಗೆಯುವುದು ಬಿಸಿಲೇರಿದ ಮೇಲೆ. ನೀನು ಆರು ದಿನ ಅಂದೆ. ಅಷ್ಟೇ, ನಮ್ಮ ಹಣೆಬರಹ ಬರೆದುಬಿಟ್ಟ. ಮೂರು ದಿನದವಳಿಗೆ ಫುಲ್ ಬಾಡಿ, ಆರು ದಿನದವಳಿಗೆ ಸ್ಪ್ಲಿಟ್. ನಾನು ಹೋದ ದಿನವೆಲ್ಲ ಕಾಲು, ಬೆನ್ನು, ಎದೆ, ಭುಜ, ತೋಳು ಎಲ್ಲವನ್ನೂ ಒಂದೇ ಗಂಟೆಯಲ್ಲಿ ಮುಗಿಸಬೇಕು. ನಿನಗೆ ಮಾತ್ರ ಎದೆಗೊಂದು ದಿನ, ಬೆನ್ನಿಗೊಂದು ದಿನ, ಕಾಲಿಗೊಂದು ದಿನ. ನನ್ನ ಮೈಗೆ ಕೂಲಿ ಕೆಲಸ, ನಿನ್ನ ಮೈಗೆ ಒಂದೊಂದು ಅಂಗಕ್ಕೂ ಬೇರೆ ಬೇರೆ ಸತ್ಕಾರ!

ನಾನು ಕೋಚನ್ನು ಕೇಳಿಯೇ ಬಿಟ್ಟಿದ್ದೆ, ಯಾವುದು ಹೆಚ್ಚು ಅಂತ. "ವಾರದ ಕೊನೆಗೆ ಇಬ್ಬರದೂ ಹೆಚ್ಚುಕಮ್ಮಿ ಅಷ್ಟೇ ಕೆಲಸ ಅಕ್ಕ. ನೀವು ಎಲ್ಲಾನೂ ಸ್ವಲ್ಪ ಸ್ವಲ್ಪ ಮಾಡ್ತೀರಿ. ಅವರು ಒಂದೊಂದನ್ನೇ ಹಿಡಿದು ಪೂರ್ತಿ ದಣಿಸ್ತಾರೆ" ಅಂದ. ಇದನ್ನು ಹೇಳಲು ಕೋಚ್ ಬೇಕೆ? ಮನೆಯಲ್ಲಿ ನಾವು ಬದುಕಿದ್ದೇ ಹಾಗೆ. ನಾನು ದಿನಾ ಇಡೀ ಮನೆಗೆ ಒಂದು ಸುತ್ತು ಕಸ ಹೊಡೆದು, ಒಂದು ಸುತ್ತು ಒರೆಸಿ, ಅಡುಗೆ ಮುಗಿಸಿ ಕೆಳಗಿನ ಅಂಗಡಿಗೆ ಇಳಿಯುವವಳು. ನೀನು ಬೆಳಗ್ಗೆಯಿಡೀ ಒಂದೇ ಕಪಾಟಿನ ಮುಂದೆ ಕೂತು ಅದನ್ನು ಕನ್ನಡಿ ಮಾಡುತ್ತಿದ್ದೆ, ಅತ್ತ ತೊಟ್ಟಿಯಲ್ಲಿ ಪಾತ್ರೆ ಬೆಟ್ಟವಾಗುತ್ತಿತ್ತು. ಬಂದವರು ಕಪಾಟನ್ನು ಹೊಗಳಿದರು. ಕಸವಿಲ್ಲದ ನೆಲವನ್ನು ಯಾರಾದರೂ ಹೊಗಳಿದ್ದು ಕೇಳಿದ್ದೀಯಾ?

ಮೈಯ ವಿಷಯದಲ್ಲೂ ಅದೇ ಆಯಿತು. ಜಿಮ್ಮಿನಲ್ಲಿ ನೀನು ಎದ್ದುಹೋದ ಯಂತ್ರದಲ್ಲಿ ನಾನು ಕೂತರೆ ತೂಕ ಹೊಂದಿಸುವ ಪಿನ್ ಕೆಳಗೆಲ್ಲೋ ಭಾರದ ತೂತಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲಿನ ತೂತಿಗೆ ಏರಿಸಿಕೊಳ್ಳುತ್ತಿದ್ದೆ. ಅದೂ ಹೋಗಲಿ. "ಅಕ್ಕ, ಈ ಅಂಗಿ ತೋಳಲ್ಲಿ ಬಿಗಿ ಆಗ್ತಿದೆ, ಸ್ವಲ್ಪ ಬಿಚ್ಚಿ ಕೊಡ್ತೀರಾ?" ಎಂದು ಬಂದೆಯಲ್ಲ, ಅವತ್ತು ನನಗಾದದ್ದು ದೇವರಿಗೇ ಗೊತ್ತು. ಬಿಚ್ಚಿದೆ, ಅಗಲ ಮಾಡಿದೆ, ಇಸ್ತ್ರಿ ಕೂಡ ಹಾಕಿ ಕೊಟ್ಟೆ. ನಿನ್ನ ತೋಳು ದಪ್ಪವಾಗಿದ್ದಕ್ಕೆ ನಾನೇ ಕೈಯಾರೆ ಜಾಗ ಮಾಡಿಕೊಟ್ಟೆ. ನನ್ನ ಅಂಗಿಗಳು ಹೊಲಿದ ದಿನ ಹೇಗಿದ್ದವೋ ಇವತ್ತಿಗೂ ಹಾಗೇ ಇವೆ. ಮೈ ಗಟ್ಟಿಯಾಗಿತ್ತು, ಬೆನ್ನುನೋವು ಹೋಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಹಾಗೆ ಏನೂ ಆಗಿರಲಿಲ್ಲ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ, ಆ ಸೀಟಿ ಇಲ್ಲದಿದ್ದರೆ. ಅತ್ತೆಯ ಡ್ರಿಲ್ ಸೀಟಿ! ಮಂಚದ ಕಂಬಕ್ಕೆ ನೇತುಹಾಕಿಕೊಂಡು, ಏಳಬೇಕಾದಾಗ ಊದುತ್ತಿದ್ದರು. ಒಂದು ಸೀಟಿ ಊದಿದರೆ ನಾನು, ಎರಡು ಊದಿದರೆ ನೀನು. ಮೊದಮೊದಲು ಇಬ್ಬರಿಗೂ ಸರಿಸಮ ಇತ್ತು. ಬರಬರುತ್ತಾ, ನೀನು ಮನೆಯಲ್ಲಿದ್ದಷ್ಟು ಹೊತ್ತೂ, ಕೆಳಗಿನ ಅಂಗಡಿಯಲ್ಲಿ ಕೂತಿದ್ದವಳಿಗೆ ಕೇಳಿಸುತ್ತಿದ್ದದ್ದು ಬರೀ ಎರಡು. ಮೊದಲನೆಯದು ಕೇಳಿದ ಕೂಡಲೇ ಸೂಜಿ ಬಿಟ್ಟು ಅರ್ಧ ಏಳುತ್ತಿದ್ದೆ. ಹಿಂದೆಯೇ ಎರಡನೆಯದು ಬರುತ್ತಿತ್ತು. ಮತ್ತೆ ಕೂರುತ್ತಿದ್ದೆ. ಎದುರಿಗೆ ಅಳತೆ ಕೊಡಲು ನಿಂತ ಗಿರಾಕಿಗೆ, ಈ ಟೈಲರಮ್ಮನಿಗೆ ಏನೋ ಆಗಿದೆ ಎನ್ನಿಸಿರಬೇಕು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಲ್ಲರೆದುರಿಗೂ ಹೇಳುತ್ತಿದ್ದರು, "ಚಿಕ್ಕವಳು ಎತ್ತಿದ್ರೆ ಎತ್ತಿದ್ದೇ ಗೊತ್ತಾಗಲ್ಲಪ್ಪ, ಹೂವು ಎತ್ತಿದ ಹಾಗೆ." ನನ್ನ ಕಡೆ ತಿರುಗಿ, "ನಿನ್ನ ಸೊಂಟ ಜೋಪಾನ ಕಣೇ ದೊಡ್ಡವಳೇ." ನಾನು ಎದ್ದು ಎಲ್ಲರಿಗೂ ಸಾರು ಬಡಿಸುತ್ತಿದ್ದೆ. ನೀನು ಮನೆಗೆ ಕಾಲಿಡುವ ಎಷ್ಟೋ ಮುಂಚೆ ಬಂದವಳು ನಾನು. ಆ ಹೆಂಗಸಿನ ಬಾಯಿಂದ ಭೇಷ್ ಅನ್ನಿಸಿಕೊಳ್ಳಲು ಏನೆಲ್ಲ ಮಾಡಿದೆ ನಾನು! ನಿನಗೆ ಅದು ತೋಳಿನ ಜೊತೆ ಉಚಿತವಾಗಿ ಬಂತು.

ನನಗೆ ಒಂದೇ ಒಂದು ಆಸೆ ಇತ್ತು, ಅದು ನಿನ್ನ ಕಾಲಿನ ದಿನ. ಅವತ್ತು ಜಿಮ್ಮಿನಿಂದ ಬರುವಾಗ ನೀನು ಚೆನ್ನಾಗೇ ಇರುತ್ತಿದ್ದೆ. ಮರುದಿನ ನೋಡಬೇಕಿತ್ತು ನಿನ್ನ ಅವಸ್ಥೆ! ಮೆಟ್ಟಿಲ ಕಂಬಿ ತಬ್ಬಿಕೊಂಡು ಬೆನ್ನು ಮುಂದೆ ಮಾಡಿ ಇಳಿಯುತ್ತಿದ್ದೆ, ಕೂತರೆ ಅಯ್ಯೋ, ಎದ್ದರೆ ಅಪ್ಪಾ. ನನ್ನ ಫುಲ್ ಬಾಡಿಯಲ್ಲಿ ಅಂಥ ನೋವಿಲ್ಲ. ಎಲ್ಲ ಕಡೆ ಸ್ವಲ್ಪ ಹಿಡಿದುಕೊಂಡಿರುತ್ತದೆ, ಯಾವ ಕೆಲಸವೂ ನಿಲ್ಲುವುದಿಲ್ಲ. ಇವತ್ತಾದರೂ ನನ್ನನ್ನು ಕರೆಯಲೇಬೇಕು ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದೆ. ಸೀಟಿ ಬರುತ್ತಿತ್ತು. ಎರಡೇ! ನಡೆಯಲಾಗದವಳನ್ನು ಕರೆದರು, ಕಂಬದಂಥ ಕಾಲಿದ್ದವಳನ್ನು ಕೆಳಗೆ ಕೂರಿಸಿದರು. ಅದೆಂಥ ಮೋಹವಪ್ಪಾ ಇದು ಎಂದು ಅವತ್ತು ಕತ್ತರಿಸಬಾರದ ಕಡೆ ಕತ್ತರಿಸಿ ಒಬ್ಬರ ಕೋಟು ಹಾಳು ಮಾಡಿದೆ.

ಆಮೇಲೆ ಮೈದುನನ ಕಚೇರಿ ಊರಾಚೆಗೆ ಹೋಯಿತು, ನೀವು ಮನೆ ಬದಲಾಯಿಸಿದಿರಿ. ಬಾಗಿಲಲ್ಲಿ ನಿನ್ನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡೆ. ಆ ಕಣ್ಣೀರು ಸುಳ್ಳಲ್ಲ, ಆದರೆ ಒಳಗೆ ಸಕ್ಕರೆ ಕರಗುತ್ತಿತ್ತು. ಇನ್ನು ಸೀಟಿ ಒಂದೇ, ಅತ್ತೆ ನನ್ನವರು.

ನನ್ನವರಾದರು ನಿಜ. ಆದರೆ ಎಂಥ ಭಾರ ಅಂತೀಯ! ನೆನೆದ ಹಾಸಿಗೆಯನ್ನು ಎತ್ತಿದ ಹಾಗೆ. ಜಿಮ್ಮಿನಲ್ಲಿ ಅವರಿಗಿಂತ ಹೆಚ್ಚಿನ ತೂಕವನ್ನು ನೆಲದಿಂದ ಎತ್ತುತ್ತೇನೆ, ಏದುಸಿರಿಲ್ಲ. ಅತ್ತೆಯನ್ನು ಎತ್ತಿದರೆ ಬೆವರಿಳಿಯುತ್ತದೆ. ಮೊನ್ನೆ ಬೆಳಗ್ಗೆ ತಡೆಯಲಾಗಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಕೇಳಿಯೇಬಿಟ್ಟೆ. "ಅವಳು ಎತ್ತಿದ್ರೆ ಹೂವು, ನಾನು ಎತ್ತಿದ್ರೆ ಮರಳಿನ ಮೂಟೆ. ನನ್ನ ಕೈಯಲ್ಲಿ ಏನು ಕಮ್ಮಿ ಇದೆ ಹೇಳಿ ಅತ್ತೆ" ಎಂದೆ.

ಅತ್ತೆ ನಕ್ಕುಬಿಟ್ಟರು. "ಜಿಮ್ಮಿಗೆ ಸೇರಿದ ಮೇಲೆ ಅವಳು ಯಾವತ್ತೇ ಎತ್ತಿದ್ದಾಳೆ ನನ್ನ? ದಿನಾ ಅವಳಿಗೆ ಒಂದಲ್ಲ ಒಂದು ಕಡೆ ನೋವು. ಕಾಲು ನೋಯ್ತಿದ್ರೆ, ಅತ್ತೆ ಇವತ್ತು ನನಗೆ ಕಾಲಿಲ್ಲ, ನಿಮ್ಮದೇ ಉಪಯೋಗಿಸಿ ಅನ್ನೋಳು. ತೋಳು ನೋಯ್ತಿದ್ರೆ, ನೀವೇ ಕುರ್ಚಿ ಕೈ ಒತ್ತಿ ಏಳಿ, ನಾನು ಸುಮ್ನೆ ಪಕ್ಕದಲ್ಲಿರ್ತೀನಿ ಅನ್ನೋಳು. ಬೀಳಿಸಿಬಿಟ್ಟಾಳು ಅಂತ ಹೆದರಿ ನಾನೇ ನನ್ನ ಹಿಡ್ಕೋತಿದ್ದೆ. ನಿನ್ನ ಕೈಲಿ ಆ ಹೆದರಿಕೆ ಇಲ್ಲ ಕಣೇ. ನೀನು ಬಂದ್ರೆ ಮೈ ಪೂರ್ತಿ ಬಿಟ್ಟುಬಿಡ್ತೀನಿ. ದೊಡ್ಡವಳು ಬೀಳಿಸಲ್ಲ ಅಂತ ಗೊತ್ತು."

ಚಿಕ್ಕವಳೇ, ಅವತ್ತು ಮಧ್ಯಾಹ್ನದವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಸೋತೆ ನೀನು! ಭಾರ ಎಂದರೆ ಏನೆಂದುಕೊಂಡಿದ್ದೆ, ನಂಬಿಕೆ ಅದು, ಅಷ್ಟೂ ನನ್ನ ಮೇಲೆ! ಹಾಡು ಗುನುಗುತ್ತಾ ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಅರ್ಧಕ್ಕೆ ಬಂದಾಗ ಕೈ ನಿಂತಿತು. ನಿನ್ನ ಜೊತೆ ಅತ್ತೆ ತಮ್ಮ ಕಾಲು ಉಪಯೋಗಿಸುತ್ತಿದ್ದರು. ನೀನು ಹೋದ ಮೇಲೆ ಉಪಯೋಗಿಸಿಲ್ಲ. ನಾನು ಎಷ್ಟು ಚೆನ್ನಾಗಿ ಎತ್ತುತ್ತೇನೋ ಅವರು ಅಷ್ಟು ಭಾರವಾಗುತ್ತಿದ್ದಾರೆ.

ಸಂಜೆ ಅವರ ಮುಂದೆ ಕೈಕಟ್ಟಿ ನಿಂತೆ. "ಅತ್ತೆ, ಇವತ್ತು ನನಗೂ ಕಾಲು ನೋವು, ನೀವೇ ಏಳಿ" ಎಂದೆ. ಸುಳ್ಳು ಎಂದು ಅವರಿಗೆ ಗೊತ್ತಾಯಿತು, ಆದರೂ ಪಾಪ, ಕುರ್ಚಿಯ ಕೈ ಹಿಡಿದರು. ಒತ್ತಿದರು. ಮೈ ಮೇಲೆದ್ದಿತು ಕಣೇ! ಮಂಡಿ ಗಡಗಡ ನಡುಗಿತು. ಅಷ್ಟೇ, ನನ್ನ ಕೈಗಳು ನನ್ನನ್ನು ಕೇಳದೆ ಹೋಗಿ ಅವರ ಕಂಕುಳಿಗೆ ಸಿಕ್ಕಿಕೊಂಡವು. ಅವರು ಹಾಯಾಗಿ ಮೈಭಾರವನ್ನೆಲ್ಲ ನನಗೆ ಬಿಟ್ಟುಕೊಟ್ಟರು. ಮರುದಿನ ಕೈಗಳನ್ನು ಸೆರಗಿಗೆ ಸುತ್ತಿಕೊಂಡು ನಿಂತೆ, ಆಗಲೂ ಅದೇ ಆಯಿತು. ಎಲ್ಲವನ್ನೂ ತಾನೇ ಎತ್ತಿ ಅಭ್ಯಾಸವಾದ ಮೈ ಇದು, ಸುಮ್ಮನೆ ಪಕ್ಕದಲ್ಲಿ ನಿಲ್ಲುವುದು ಇದಕ್ಕೆ ಬರುವುದಿಲ್ಲ. ಆ ವ್ಯಾಯಾಮವನ್ನು ಕೋಚ್ ನನಗೆ ಹೇಳಿಕೊಟ್ಟಿಲ್ಲ.

ಆದ್ದರಿಂದ ಕೇಳು. ಅತ್ತೆ ನಿನ್ನ ಮನೆಗೆ ಬರುತ್ತಾರೆ. ನಿನ್ನೆ ಅವರನ್ನು ಕೇಳಿದೆ. ಇಲ್ಲ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡು ಕೇಳಿದೆ. "ಕಳಿಸ್ತೀಯಾ?" ಎಂದರು. ಆ ಕಣ್ಣಿನ ಹೊಳಪು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಬೆಂಕಿ ಇಟ್ಟುಕೊಂಡೇ ಅವರ ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕಿದ್ದೇನೆ. ಇಂಥವಳನ್ನು ನೀನು ಅಕ್ಕ ಅನ್ನುತ್ತೀಯ. ಇರಲಿ, ಅನ್ನು.

ಭಾನುವಾರ ಬೆಳಗ್ಗೆ ಕರೆದುಕೊಂಡು ಬರುತ್ತೇವೆ. ಸೀಟಿಯನ್ನೂ ಕಳಿಸುತ್ತಿದ್ದೇನೆ. ಎರಡು ಊದಿದರೆ ನೀನು ಹೋಗು. ಎಂದಾದರೂ ಒಂದೇ ಊದಿದರೆ ಮಾತ್ರ ಹೋಗಬೇಡ. ಅದು ನನ್ನದು. ನನಗೆ ಫೋನ್ ಮಾಡು, ಕತ್ತರಿ ಕೈಲಿದ್ದರೂ ಬರುತ್ತೇನೆ. ಮತ್ತೆ, ಜಿಮ್ ಬಿಡಬೇಡ. ನನ್ನ ಹಾಗೆ ಮೂರು ದಿನಕ್ಕೆ ಇಳಿಸಬೇಡ, ಫುಲ್ ಬಾಡಿಯ ಕಡೆ ತಲೆ ಹಾಕಿಯೂ ಮಲಗಬೇಡ. ಶನಿವಾರ ತಪ್ಪದೆ ನಿನ್ನ ಕಾಲಿನ ದಿನ ಮಾಡು, ಪಿನ್ ಇನ್ನೂ ಒಂದು ತೂತು ಕೆಳಗೆ ಹಾಕು. ಭಾನುವಾರ ನಮ್ಮ ಕಾರು ಬಂದು ನಿಂತಾಗ ನಿನಗೆ ಬಾಗಿಲವರೆಗೆ ಬರಲೂ ಆಗಬಾರದು. ಅತ್ತೆಯೇ ನಿನ್ನ ಹತ್ತಿರ ನಡೆದುಕೊಂಡು ಬರಲಿ.

ನಿನ್ನ ಕಾಲು ಚೆನ್ನಾಗಿ ನೋಯಲಿ ಎಂದು ಮನಸಾರೆ ಹರಸುವ,
ನಿನ್ನ ಅಕ್ಕ