ಪಕ್ಕದ ಸೀಟು

ಜೂನ್ 8, ಶನಿವಾರ

ಬೆಳಿಗ್ಗೆ ಬಿಸಿ ಬಿಸ್ಕೆಟ್, ಮನೆಯಲ್ಲೇ ಬೇಯಿಸಿದ ಮೆತ್ತನೆಯ ಬನ್ನು, ಗ್ರೇವಿ. ಮಗ ಲೋವೆಲ್ ಆರು ತಿಂದ. ಹನ್ನೊಂದಕ್ಕೆ ಸ್ಟ್ರಿಪ್, ಕಾರು ಓಟದ ಕಾಲು ಮೈಲಿಯ ನೇರ ರಸ್ತೆ. ಐಸ್ ಚೀಲದ ಕೆಲಸ ಎಂದಿನಂತೆ ನನ್ನದು. ಎರಡು ಓಟಗಳ ನಡುವೆ ಎಂಜಿನ್ ಮೇಲೆ ಇಟ್ಟು ತಣಿಸಬೇಕು. ಬೆರಳು ಮರಗಟ್ಟಿದವು. ಮೂರು ಓಟದಲ್ಲಿ ಒಳ್ಳೆಯದು 12.31 ಸೆಕೆಂಡು.

ಗ್ಯಾರೇಜಿನ ಗೋಡೆಯ ಮೇಲೆ ನನ್ನ ಗಂಡ ಓರಿನ್ ಬಳಪದಲ್ಲಿ ಬರೆದದ್ದು 12.08. ಇದೇ ನೋವಾ ಕಾರು, ಇದೇ ಕಾಲು ಮೈಲಿ. ಅವರು ಹೋಗಿ ಒಂಬತ್ತು ವರ್ಷ. ಆ ಗೋಡೆ ಒರೆಸಲು ಯಾರಿಗೂ ಬಿಟ್ಟಿಲ್ಲ.

ಊಟಕ್ಕೆ ಕೂತಾಗ ಮಗ ಶುರು ಮಾಡಿದ.

"ಅಮ್ಮ, ಪಕ್ಕದ ಸೀಟು, ಹಿಂದಿನ ಸೀಟು, ಸ್ಟೆಪ್ನಿ ಎಲ್ಲ ಕಿತ್ತಾಕ್ತೀನಿ. ಎಲ್ರೂ ಕೀಳ್ತಾರೆ."

"ಎಲ್ರೂ ನನ್ನ ಮಕ್ಕಳಲ್ಲ."

"ನೂರು ಪೌಂಡಿನ ಮೇಲೆ ಇಳಿಯುತ್ತಮ್ಮ."

ನೂರು ಪೌಂಡು ಇಳಿದರೆ ಸೆಕೆಂಡಿನ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಸ್ಟ್ರಿಪ್‌ನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಲೆಕ್ಕ. ನನಗೆ ಹೇಳಲು ಬಂದಿದ್ದಾನೆ.

"ಶನಿವಾರ ಓಡೋ ಕಾರು ಭಾನುವಾರ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗ್ಬೇಕು. ನಿಮ್ಮಪ್ಪ ಓಡ್ಸಿದ್ದು ಹಾಗೆ. ಸೀಟು ಕಿತ್ತ ಮೇಲೆ ಅದು ಕಾರಲ್ಲ, ತಗಡಿನ ಡಬ್ಬ. ಭಾರ ಇಳೀಬೇಕಾ? ಆ ಹೊಟ್ಟೆ ಇಳ್ಸು."

ನಕ್ಕ. ನಲವತ್ತೆಂಟು ವಯಸ್ಸು, ಇನ್ನೂರ ಎಂಬತ್ತು ಪೌಂಡು. ಹೆಂಡತಿ ಬಿಟ್ಟು ಹೋದಾಗಿನಿಂದ ನನ್ನ ಅಡುಗೆಯೇ.

ಜುಲೈ 13, ಶನಿವಾರ

ಹಿಂದಿನ ಚಕ್ರದ ಗಿಯರು ಬದಲಿಸಿದ. 12.24.

ಹೊರಡುವ ಗೆರೆಯಲ್ಲಿ ನಿಂತು ಕಾರು ಬಿಡುವ ಹರ್ಷೆಲ್, ಓರಿನ್‌ರ ಹಳೆಯ ಗೆಳೆಯ, ಹತ್ತಿರ ಬಂದ.

"ವರ್ನಾ ಅವ್ರೇ, ಮಗ ಸೊರಗಿದಾನಲ್ಲ. ಅನ್ನ ನೀರು ನಿಲ್ಸಿಬಿಟ್ರಾ?"

"ತಾಯಿ ಮಾತು ಕೇಳೋ ಮಗ, ಹರ್ಷೆಲ್. ನಿಮ್ಮನೇಲಿ ನೋಡಿರಲ್ಲ, ಬಿಡು."

ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ನಾನು ನಗಲಿಲ್ಲ, ಆದರೆ ಹೆಮ್ಮೆಯಾಯಿತು. ಒಂದು ಮಾತು ಹೇಳಿದ್ದಕ್ಕೆ ಮಗ ಇಷ್ಟು ಇಳಿಸಿದ.

ಆಗಸ್ಟ್ 10, ಶನಿವಾರ

12.19. ಹಿಂದಿನ ಟೈರಿನ ಗಾಳಿ ಇಳಿಸಿದ್ದಕ್ಕೆ ಎಂದ. ಸೊಂಟದ ಬೆಲ್ಟು ಸಡಿಲ. ಮೊಳೆ ಹೊಡೆದು ಇನ್ನೂ ಎರಡು ತೂತು ಮಾಡಿಕೊಟ್ಟೆ. "ಹಿಂಗೇ ಹೋದ್ರೆ ನಿಮ್ಮಪ್ಪನ ಮದುವೆ ಸೂಟು ಹಾಕ್ಕೋಬಹುದು" ಎಂದೆ. ಬೆಲ್ಟು ಬಿಗಿದುಕೊಂಡು ಗ್ಯಾರೇಜಿಗೆ ಹೋದ.

ಸೆಪ್ಟೆಂಬರ್ 14, ಶನಿವಾರ

12.14.

"ಏನ್ ಮಾಡ್ದೆ ಈ ಸಲ?"

"ಏನಿಲ್ಲಮ್ಮ. ಗಾಳಿ ಚೆನ್ನಾಗಿತ್ತು."

ಗಾಳಿ ಚೆನ್ನಾಗಿರಲಿಲ್ಲ. ತಣ್ಣನೆಯ ಗಾಳಿಯಲ್ಲಿ ಎಂಜಿನ್ ಹುರುಪಾಗುತ್ತದೆ, ನಿಜ. ಇವತ್ತು ಕಾದ ಬಾಣಲೆಯಂಥ ಬಿಸಿಲು. ಐಸ್ ಚೀಲ ಕೈಯಲ್ಲೇ ಕರಗಿತು. ಉಳಿದವರ ಕಾರುಗಳೆಲ್ಲ ನಿಧಾನ, ನಮ್ಮದೊಂದೇ ಬೇಗ. ದಾರಿಯುದ್ದಕ್ಕೂ ಯೋಚಿಸಿದೆ. ಕಾರಿನಲ್ಲಿ ಏನೂ ಬದಲಾಗಿಲ್ಲ…

ಸೆಪ್ಟೆಂಬರ್ 15, ಭಾನುವಾರ

ಚರ್ಚಿನಿಂದ ಬಂದು ಅವನ ತಟ್ಟೆಯನ್ನೇ ನೋಡುತ್ತ ಕೂತೆ. ಕೋಳಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಎರಡು ತುಂಡು ಪೈ. ಒಂದು ಚೂರೂ ಬಿಡಲಿಲ್ಲ. ಎದ್ದು ಬಚ್ಚಲಿಗೆ ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು. ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು.

ತಿನ್ನದೆ ಇಳಿದರೆ ಛಲ. ತಿಂದೂ ಇಳಿದರೆ —

ಸೆಪ್ಟೆಂಬರ್ 17

ಗ್ಯಾರೇಜಿಗೇ ಹೋಗಿ ಕೇಳಿದೆ.

"ಯಾವಾಗಿಂದ?"

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. "ಆಗಸ್ಟಲ್ಲಿ ಡಾಕ್ಟ್ರು ಹೇಳಿದ್ರು. ಕ್ಯಾನ್ಸರು. ಹೊಟ್ಟೇಲಿ, ಒಳಗಡೆ. ತಕ್ಷಣ ಆಸ್ಪತ್ರೆಗೆ ಸೇರ್ಕೋ ಅಂದ್ರು. ಸೇರಿದ್ರೆ ಈ ವರ್ಷ ಸ್ಟೀರಿಂಗ್ ಹಿಡಿಯೋಕಾಗಲ್ಲ."

"ನನಗೆ ಹೇಳ್ಲಿಲ್ಲ."

"ನೀನು ಖುಷಿಯಾಗಿದ್ಯಲ್ಲಮ್ಮ. ಮಾತು ಕೇಳೋ ಮಗ ಅಂತ ಊರಿಗೆಲ್ಲ ಹೇಳ್ಕೊಂಡು."

ಅವನು ಕೆಳಗಿಟ್ಟ ಬಟ್ಟೆ ಎತ್ತಿ ಮೊಳೆಗೆ ಹಾಕಿದೆ.

"ನಾಳೆನೇ ಲೆಕ್ಸಿಂಗ್ಟನ್ ಆಸ್ಪತ್ರೆಗೆ ಹೋಗೋಣ."

"ಹತ್ತೊಂಬತ್ತನೇ ಅಕ್ಟೋಬರ್ ಸೀಸನ್ನಿನ ಕೊನೇ ಓಟ. ಆಮೇಲೆ."

ಕಾರಿನ ಕೀ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡೆ. ಅವನು ಬೇಡಲಿಲ್ಲ. ಬೇಡುವ ಜಾತಿಯಲ್ಲ ಅವನು. ಯಾರಿಂದ ಕಲಿತ ಎಂದು ಕೇಳಬೇಕಾಗಿಲ್ಲ.

ಅಕ್ಟೋಬರ್ 5, ಶನಿವಾರ

ಸ್ಟ್ರಿಪ್ ಇಲ್ಲ. ಆಸ್ಪತ್ರೆಯೂ ಇಲ್ಲ. ಗ್ಯಾರೇಜಿನಲ್ಲಿ ಸ್ಟೂಲ್ ಮೇಲೆ ಕೂತಿರುತ್ತಾನೆ. ಕಾರನ್ನು ನೋಡುವುದಿಲ್ಲ, ಗೋಡೆ ನೋಡುತ್ತಾನೆ. ಹರ್ಷೆಲ್ ಎರಡು ಸಲ ಫೋನ್ ಮಾಡಿದ. ಕಾರು ಕೆಟ್ಟಿದೆ ಎಂದೆ.

ಕೀ ನನ್ನ ಹತ್ತಿರ ಇದೆ. ಮಗ ಇಲ್ಲ.

ಅಕ್ಟೋಬರ್ 11

ಸೋತೆ. ಹಾಗೆಂದು ಅವನಿಗೆ ಹೇಳಲಿಲ್ಲ. ಕೀಯನ್ನು ತಟ್ಟೆಯ ಪಕ್ಕ ಇಟ್ಟೆ.

"ಹತ್ತೊಂಬತ್ತರವರೆಗೂ ಓಡ್ಸು. ಸೋಮವಾರ ಬೆಳಿಗ್ಗೆ ಆಸ್ಪತ್ರೆ. ಅಪ್ಪನ ಟೈಮ್ ಮುರಿದ್ರೂ ಅಷ್ಟೆ, ಬಿಟ್ರೂ ಅಷ್ಟೆ."

"ಆಯ್ತಮ್ಮ."

"ಇನ್ನೊಂದ್ಸಲ ಆಮೇಲೆ ಅಂದ್ರೆ ನಾನು ಮನುಷ್ಯಳಲ್ಲ."

"ಈಗ್ಲೂ ಅನುಮಾನಾನೇ" ಎಂದ. ಎಷ್ಟೋ ದಿನದ ಮೇಲೆ ಕೇಳಿದ ತಮಾಷೆ. ಪಾತ್ರೆ ತೊಳೆಯಲು ಹೋದೆ.

ಅಕ್ಟೋಬರ್ 12, ಶನಿವಾರ

ಗಾಳಿ ನಿಜಕ್ಕೂ ತಣ್ಣಗಿತ್ತು. 12.12. ಎಂಜಿನ್ ಹತ್ತಿರ ಇನ್ನು ಕೊಡಲು ಏನೂ ಇಲ್ಲ. ಅವನ ಹತ್ತಿರವೂ ಇಲ್ಲ. ಬಾನೆಟ್ ಎತ್ತಲು ಕೈ ಸಾಲದೆ ನನ್ನ ಕಡೆ ನೋಡಿದ. ಎತ್ತಿದೆ. ಯಾರೂ ನೋಡದ ಹಾಗೆ ಅಡ್ಡ ನಿಂತು ಎತ್ತಿದೆ.

ಅಕ್ಟೋಬರ್ 18, ಶುಕ್ರವಾರ, ಮಧ್ಯಾಹ್ನ

ಅವನು ಮಲಗಿದ್ದ. ಓರಿನ್‌ರ ಸ್ಪ್ಯಾನರ್ ಪೆಟ್ಟಿಗೆ ತೆಗೆದೆ. ಹಿಂದಿನ ಸೀಟು ಬೇಗ ಬಂತು. ಸ್ಟೆಪ್ನಿ ಉರುಳಿಸಿದೆ. ಪಕ್ಕದ ಸೀಟು ಬರಲಿಲ್ಲ. ಬೋಲ್ಟು ತುಕ್ಕು ಹಿಡಿದಿವೆ. ಓರಿನ್ ಹಾಕಿದ ಮೇಲೆ ಯಾರೂ ಮುಟ್ಟಿಲ್ಲ. ಎಣ್ಣೆ ಬಿಟ್ಟು ಕಾದೆ. ಸೀಟಿನ ಕೆಳಗೆ ಪೆಪ್ಪರ್‌ಮಿಂಟ್ ಕಾಗದಗಳು — ಎಷ್ಟು ಭಾನುವಾರದವೋ. ಎಲ್ಲ ನಾನು ತಿಂದವೇ.

ಬಾಗಿಲಲ್ಲಿ ನೆರಳು.

"ಅಮ್ಮ, ಏನ್ಮಾಡ್ತಿದೀಯ?"

"ಕಣ್ಣು ಕಾಣ್ಸಲ್ವಾ? ಆ ದೊಡ್ಡ ಸ್ಪ್ಯಾನರ್ ಕೊಡು."

"ಬೇಡಮ್ಮ. ಅಪ್ಪ ಇದ್ದಿದ್ರೆ ಏನಂತಿದ್ರು?"

"ನಿಮ್ಮಪ್ಪನ್ನ ನಾನು ನೋಡ್ಕೋತೀನಿ. ನೀನು ಸ್ಪ್ಯಾನರ್ ಕೊಡು."

ಕೊಟ್ಟ. ಪಕ್ಕದಲ್ಲಿ ಮಂಡಿಯೂರಿದ. ಇಬ್ಬರೂ ಸೇರಿ ತಿರುಗಿಸಿದ ಮೇಲೆ ಬೋಲ್ಟು ಅಲುಗಿತು.

ಅಕ್ಟೋಬರ್ 19, ಶನಿವಾರ

12.03.

ಹರ್ಷೆಲ್ ಟೋಪಿ ತೆಗೆದ. ಕಾರಿನೊಳಗೆ ಬಗ್ಗಿ ನೋಡಿದ, ಸೀಟಿಲ್ಲದ ಜಾಗ. ನನ್ನ ಮುಖ ನೋಡಿದ. ಲೋವೆಲ್ ಬೆಲ್ಟು ಬಿಚ್ಚಿಕೊಂಡು ಇಳಿಯಲಾರದೆ ಬಹಳ ಹೊತ್ತು ಹಾಗೇ ಕೂತಿದ್ದ. ಸಮಯದ ಚೀಟಿ ತೊಡೆಯ ಮೇಲೆ.

ಮನೆಗೆ ಬಂದು ಬಳಪ ಕೊಟ್ಟೆ. "ಬರಿ."

ತೆಗೆದುಕೊಳ್ಳಲಿಲ್ಲ. "ಇದು ಲೆಕ್ಕಕ್ಕಿಲ್ಲಮ್ಮ. ಸೀಟಿರ್ಲಿಲ್ಲ."

"ಕಿತ್ತಿದ್ದು ನಾನು."

"ಅದಕ್ಕೇ. ಬರೋ ವರ್ಷ ಸೀಟು ಇಟ್ಕೊಂಡೇ ಮುರೀತೀನಿ. ಆಗ ಬರೀತೀನಿ."

ಬೈಯಬೇಕು ಅನ್ನಿಸಿತು. ಈ ಬಿಗುಮಾನ ಬಿತ್ತಿದ್ದು ನಾನೇ, ಫಲ ಈಗ ಬಂದಿದೆ.

"ಆಯ್ತು. ಬರೋ ವರ್ಷ" ಎಂದೆ.

ಬಳಪವನ್ನು ಡಬ್ಬಿಗೆ ಹಾಕಿದೆ. ಗೋಡೆಯ ಮೇಲೆ ಒಂದೇ ಅಂಕಿ.

ಅಕ್ಟೋಬರ್ 21, ಸೋಮವಾರ, ಬೆಳಿಗ್ಗೆ

ಪಿಕಪ್‌ನಲ್ಲಿ ಹೋಗೋಣ ಎಂದರೆ ಕೇಳಲಿಲ್ಲ. ನೋವಾದಲ್ಲೇ ಬರುತ್ತಾನಂತೆ. ಎದ್ದವಳೇ ಗ್ಯಾರೇಜಿಗೆ ಹೋಗಿ ಪಕ್ಕದ ಸೀಟು ವಾಪಸ್ ಇಟ್ಟೆ. ಮೂರು ಬೋಲ್ಟು ಬಿಗಿದೆ. ನಾಲ್ಕನೆಯದು ಎಳೆ ಹಿಡಿಯಲಿಲ್ಲ.

ಓಡಿಸುವುದು ನಾನು. ಅವನು ನನ್ನ ಸೀಟಿನಲ್ಲಿ. ಒಂದು ಚೀಲ, ಎರಡು ಅಂಗಿ. ಬಿಸ್ಕೆಟ್ ಕಟ್ಟಿದ್ದೇನೆ. ತಿನ್ನುವುದಿಲ್ಲ, ಗೊತ್ತು. ಕಟ್ಟದೆ ಹೋಗಿ ಅಭ್ಯಾಸವಿಲ್ಲ.

ಹಾರ್ನ್ ಹೊಡೆಯುತ್ತಿದ್ದಾನೆ. ಎರಡು ಸಲ, ಅವರಪ್ಪನ ಹಾಗೆ. ಬೋಲ್ಟು ಮೇಜಿನ ಮೇಲೆ ಇಟ್ಟಿದ್ದೇನೆ, ಕಣ್ಣಿಗೆ ಕಾಣುವ ಹಾಗೆ. ವಾಪಸ್ ಬಂದ ಮೇಲೆ ಇಬ್ಬರೂ ಸೇರಿ