ಮಸಾಲೆ ಖಾರದ ಮಾಲಕಿ

ಖಾನಾಪುರ
೧೪ ಸೆಪ್ಟೆಂಬರ್ ೧೯೮೩

ನಮ್ಮ ಕಾಂತಾಳ ಅಪ್ಪನವರಿಗೆ ಗಂಗಾದೇವಿ ಮಾಡುವ ಶರಣು ಶರಣಾರ್ಥಿ.

ಇಲ್ಲಿ ನಾನು, ಕಾಂತಾ, ಅತ್ತೆಯವರು ಎಲ್ಲರೂ ಗಟ್ಟಿಯಾಗಿದ್ದೇವೆ. ಮಸ್ಕತ್ತಿನ ಬಿಸಿಲಿಗೆ ನಿಮ್ಮ ಮೂಗಿನಿಂದ ರಕ್ತ ಬರುತ್ತಿತ್ತಲ್ಲ, ನಿಂತಿತೇ? ಉಳ್ಳಾಗಡ್ಡಿ ಒಡೆದು ಮೂಸಿರಿ, ಮಲಗುವಾಗ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿರಿ. ಈ ಸಲ ಆರೋಗ್ಯವನ್ನು ಬಾಯಿಮಾತಿಗೆ ಕೇಳುತ್ತಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ. ಕುಶಲದ ಮಾತು ಇಷ್ಟೇ. ಇನ್ನು ಮೇಲೆ ಬರೆಯುವುದೆಲ್ಲ ಸಿಟ್ಟಿನದು, ಚಹಾ ಕುಡಿದು ಕುಳಿತು ಓದಿರಿ.

ನಿಮಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನಿಮಗೆ ಮರೆತಂತಿದೆ. ಮಸಾಲೆ ಖಾರದ ವ್ಯಾಪಾರ ಶುರುಮಾಡಿದವಳು ನಾನು. ಸ್ಟೇಶನ್ ರಸ್ತೆಯ ತಗಡಿನ ಶೆಡ್ಡು ಬಾಡಿಗೆಗೆ ಹಿಡಿದವಳು ನಾನು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಒಣಕೊಬ್ಬರಿ, ಕೊತ್ತಂಬರಿ ಬೀಜ ಬೇರೆ ಬೇರೆ ಹುರಿದು, ಕೂಲಿಗೆ ಬರುವ ಕಾಡವ್ವನ ಜೊತೆ ಒನಕೆ ಹಿಡಿದು ಕಣ್ಣು ಮೂಗು ಸುರಿಸಿಕೊಂಡವಳೂ ನಾನೇ. ಗಿರಣಿಗೆ ಹಾಕಿದರೆ ಖಾರ ಕಾದು ಅದರ ಕೆಂಪು ಸತ್ತುಹೋಗುತ್ತದೆ. ಅದಕ್ಕೇ ಬೆಳಗಾವಿಯ ಹಿಂದವಾಡಿಯಲ್ಲಿ ಅಂಗಡಿ ಇಟ್ಟಿರುವ ಸಿದ್ದಪ್ಪನವರು ನಮ್ಮ ಕುಟ್ಟಿದ ಖಾರವನ್ನೇ ಬೇಡಿ ತರಿಸಿಕೊಳ್ಳುತ್ತಾರೆ. ಆಷಾಢದಲ್ಲಿ ಅವರು “ಅಕ್ಕಾರ, ಇನ್ನ ಮ್ಯಾಲೆ ದಾಖಲ ಇಲ್ಲದ ಮಾಲು ನಾ ಇಡಾಂಗಿಲ್ರಿ. ಒಂದ್ ಹೆಸರಿಗೆ ರಜಿಸ್ಟರ್ ಮಾಡಿಸ್ಕೊಂಡ್ ಬರ್ರಿ” ಎಂದರು. ಮಾಡಿಸೋಣ, ನಮ್ಮದೇನು ಕದ್ದ ಮಾಲೇ ಎಂದುಕೊಂಡು ನಿಮ್ಮ ತಮ್ಮ ಈರಣ್ಣನನ್ನು ಕರೆದುಕೊಂಡು ಬೆಳಗಾವಿ ಬಸ್ಸು ಹತ್ತಿದೆ. ಅವನನ್ನು ಕರೆದುಕೊಂಡು ಹೋದದ್ದು ನನಗೆ ಓದು ಬರಹ ಬಾರದೆ ಅಲ್ಲ, ನಿಮ್ಮ ಹೆಸರು ಹೇಳಲಿಕ್ಕೆ.

ಮದುವೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ಒಡಪಿನ ಪದ ಕಟ್ಟಿ ಅದರೊಳಗೆ ಒಮ್ಮೆ ನಿಮ್ಮ ಹೆಸರು ಹೇಳಿದ್ದೆ. ಆಮೇಲೆ ಸಾಲೆಯಲ್ಲಿ, ದವಾಖಾನೆಯಲ್ಲಿ, ಎಲ್ಲಿ ಕೇಳಿದರೂ ಬಾಜು ನಿಂತವರಿಂದ ಹೇಳಿಸಿದ್ದೇನೆ. ಕಚೇರಿಯ ಕಾರಕೂನರು ಗಂಡನ ಹೆಸರೇನು ಎಂದರು, ನಾನು ಸೆರಗು ಎಳೆದುಕೊಂಡು ಈರಣ್ಣನ ಮುಖ ನೋಡಿದೆ. ಅಲ್ಲಿಂದ ಮುಂದಿನ ಪ್ರಶ್ನೆಗಳೆಲ್ಲ ಅವನ ಕಡೆಗೇ ಹೋದವು. “ವೈನಿ, ನೀವು ಹೊರಗ ಗಾಳ್ಯಾಗ ಕುಂದರ್ರಿ, ನಾ ಎಲ್ಲಾ ಬರಸ್ತೀನಿ” ಎಂದ. ನಾನೊಬ್ಬಳು ಹುಚ್ಚಿ, ಹೊರಗೆ ಬೆಂಚಿನ ಮೇಲೆ ಕುಳಿತು ಅವನಿಗೆಂದು ಕಟ್ಟಿ ತಂದ ರೊಟ್ಟಿಬುತ್ತಿ ಕಾಯುತ್ತಿದ್ದೆ. ಒಳಗೆ ಅವನು ನನ್ನ ಖಾರಕ್ಕೆ ತಾನೊಬ್ಬನೇ ಮಾಲೀಕನೆಂದು ಬರೆಸಿ, ರುಜು ಹಾಕಿ ಬಂದ. ಬಂದು ಅದೇ ಬುತ್ತಿ ಬಿಚ್ಚಿ, ಚಟ್ನಿ ಚಲೋ ಆಗಿದೆ ಎನ್ನುತ್ತ ಉಂಡ.

ಸರ್ಟಿಫಿಕೇಟು ಬಂದ ದಿನ ಅವನು ಶೆಡ್ಡಿಗೆ ಬಂದು, ಇನ್ನು ಮೇಲೆ ಗಿರಣಿಗೆ ಹಾಕಿಸುತ್ತೇನೆ, ನೀನು ಬರುವುದು ಬೇಡ ಎಂದು ಕಾಡವ್ವನಿಗೆ ಹೇಳಿದ. ಯಾರ ಅಪ್ಪಣೆ ಎಂದು ನಾನು ಕೇಳಿದರೆ, ಮಾಲೀಕನ ಅಪ್ಪಣೆ ಎಂದು ಕಾಗದ ತೋರಿಸಿದ. ನನ್ನ ಕೈಯಲ್ಲಿ ಒನಕೆ ಇತ್ತು. ಕೆಳಗಿಟ್ಟೆನಲ್ಲ, ಅದು ನಿಮ್ಮ ತಮ್ಮನ ಪುಣ್ಯ. ಬೆಳಗೆದ್ದು ವಿಭೂತಿ ಹಚ್ಚಿ ಕಾಯಕ ದೊಡ್ಡದು ಎನ್ನುವ ಮನೆ ನಮ್ಮದು. ಕಾಯಕ ನನ್ನದಂತೆ, ಕೈಲಾಸ ಅವನದಂತೆ. ಅತ್ತೆಯವರು “ಯಾರ ಹೆಸರಿದ್ರ ಏನಬೇ, ಎಲ್ಲಾರದೂ ಒಂದ ಒಲಿ” ಎಂದರು. ಒಂದೇ ಒಲೆಯಾದರೆ ನನ್ನ ಹೆಸರಿಗೆ ಏನು ಧಾಡಿ ಎಂದೆ. ಆಗ ಈರಣ್ಣ ಬಾಯಿಬಿಟ್ಟ. “ಅಣ್ಣಾನ ಹೇಳ್ಯಾನ್ರಿ ವೈನಿ. ಹೆಂಗಸರ ಹೆಸರಿಗೆ ಬ್ಯಾಡ, ಸದ್ಯ ನಿನ್ನ ಹೆಸರಿಗೆ ಮಾಡಿಸು, ನಾ ಮಸ್ಕತ್ ಬಿಟ್ಟು ಬಂದು ಗಲ್ಲಾದ ಮ್ಯಾಲೆ ಕುಂದರ್ತೀನಿ ಅಂದಾನ.”

ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಈರಣ್ಣನ ಮೇಲಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ದನಕ್ಕೆ ಬಡಿದು ಏನು ಬಂತು? ನನಗೊಂದು ಮಾತು ಬರೆಯಲಿಲ್ಲ ನೀವು. ಪ್ರತಿ ಕಾಗದದಲ್ಲೂ ಖಾರ ಹೇಗೆ ನಡೆದಿದೆ, ಗಿರಾಕಿ ಹೆಚ್ಚಾದರೇ ಎಂದು ಕೇಳುತ್ತಿದ್ದಿರಿ, ಹೆಂಡತಿಯ ಮೇಲಿನ ಅಭಿಮಾನವೆಂದು ನಾನು ಹಿಗ್ಗುತ್ತಿದ್ದೆ. ಆ ದಿನ ಅಳು ತಡೆಯಲಾಗಲಿಲ್ಲ. ಖಾರದ ಘಾಟು ಎಂದು ಕಾಡವ್ವನಿಗೆ ಸುಳ್ಳು ಹೇಳಿದೆ.

ಮರುದಿನ ಒಬ್ಬಳೇ ಬೆಳಗಾವಿಗೆ ಹೋದೆ. ಶೆಡ್ಡಿನ ಬಾಡಿಗೆಯ ಪಾವತಿ ಚೀಟಿ ಮೊದಲಿನಿಂದಲೂ ನನ್ನ ಹೆಸರಿನಲ್ಲಿದೆ. ಅದನ್ನು ಮೇಜಿನ ಮೇಲಿಟ್ಟು, ಈ ಜಾಗದಲ್ಲಿ ಈರಣ್ಣನದೆನ್ನುವ ಒಂದು ಒನಕೆಯೂ ಇಲ್ಲ ಎಂದೆ. ಅದೇ ಕಾರಕೂನರು, ಅದೇ ಪ್ರಶ್ನೆ, ಗಂಡನ ಹೆಸರು? ಕಚೇರಿ ತುಂಬ ಮಂದಿ. ಬಸಲಿಂಗಪ್ಪ ಎಂದೆ. ಕೇಳಿಸಲಿಲ್ಲ ಎಂದರು. ಬಾಗಿಲ ಆಚೆಯ ಚಪರಾಸಿಗೂ ಕೇಳುವಂತೆ ಬಸಲಿಂಗಪ್ಪ ಎಂದೆ, ಒಡಪಿಲ್ಲದೆ, ಒಣದಾಗಿ. ನಾಲಿಗೆಯೇನೂ ಸೀಳಲಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅತ್ತೆಯವರು ಈಗ ದಿನವೂ ಕಣ್ಣೀರು ಹಾಕುತ್ತಿದ್ದಾರೆ. ಅದಕ್ಕೇ ಆರೋಗ್ಯ ಕೇಳಿದ್ದು, ಮರೆಯದೆ ಬರೆಯಿರಿ. ಕಾರಕೂನರು “ವಿಚಾರ ಮಾಡ್ರಿ ಬಾಯಾರ, ಒಬ್ಬರ ಹೆಸರು ಅಂದ್ರ ಲುಕ್ಸಾನ ಆದ್ರೂ ನಿಮ್ಮೊಬ್ಬರ ತಲಿ ಮ್ಯಾಲ” ಎಂದರು. ಇಷ್ಟು ದಿನ ನೋಯುತ್ತಿದ್ದದ್ದೂ ನನ್ನ ತೋಳೇ, ಬರೆಯಿರಿ ಎಂದೆ. ಜಾಗ ತನ್ನದೆಂದು ತೋರಿಸಲಾಗದೆ ಈರಣ್ಣನ ದಾಖಲೆ ರದ್ದಾಯಿತು. ನನ್ನದು ನಿನ್ನೆ ಕೈಸೇರಿತು. ಗಂಗಾದೇವಿ ಮಸಾಲೆ ಖಾರ, ಖಾನಾಪುರ, ಮಾಲಕಿ ನಾನೊಬ್ಬಳೇ. ಕಾಡವ್ವ ಕೆಲಸಕ್ಕೆ ಬರುತ್ತಿದ್ದಾಳೆ.

ಇಷ್ಟು ಬರೆದರೂ ಸಿಟ್ಟು ಇಳಿದಿಲ್ಲ. ಆದರೂ ಇದನ್ನು ಓದಿ ನೀವು ಊಟ ಬಿಡಬೇಡಿರಿ. ಕಾಂತಾ ನಮಸ್ಕಾರ ಹೇಳಿದ್ದಾಳೆ, ಅತ್ತೆಯವರು ಆಶೀರ್ವಾದ ಹೇಳಿದ್ದಾರೆ. ಈರಣ್ಣ ಏನೂ ಹೇಳಿಲ್ಲ, ಮೋರೆ ಊದಿಸಿಕೊಂಡು ಎರಡು ಹೊತ್ತು ಸರಿಯಾಗಿ ಉಣ್ಣುತ್ತಿದ್ದಾನೆ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಜೊತೆಗೆ ಬುದ್ಧಿಯನ್ನೂ ಕೊಡಲಿ.

ನಿಮ್ಮ
ಗಂಗಾದೇವಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಗಿರಾಕಿ ಹೆಚ್ಚಾಗಿದ್ದಾರೆ, ಕುಟ್ಟಲಿಕ್ಕೆ ಇನ್ನೊಬ್ಬ ಗಟ್ಟಿ ಆಳು ಬೇಕಾಗಿದೆ. ನೀವು ಮಸ್ಕತ್ ಬಿಡುವುದು ಖರೇ ಆದರೆ ಬನ್ನಿರಿ, ಆ ಕೆಲಸ ನಿಮಗೆಂದು ಇಟ್ಟಿದ್ದೇನೆ. ಪಗಾರ ಶನಿವಾರ ಸಂಜೆ, ಕಾಡವ್ವನಿಗೆ ಕೊಟ್ಟಷ್ಟೇ. ಒಪ್ಪಿಗೆಯಿದ್ದರೆ ದೀಪಾವಳಿಯೊಳಗೆ ತಿಳಿಸಿರಿ, ಪಕ್ಕದ ಮನೆಯ ಭರಮವ್ವನ ಗಂಡನೂ ಬಂದು ಕೇಳಿಹೋಗಿದ್ದಾನೆ.